ಅಂಟು ಪುರಾಣ

ಹಲಸಿನಹಣ್ಣು ಬಿಡಿಸುವಾಗ ಕೈಗೆ ಮೆತ್ತಿಕೊಳ್ಳೋದು ಅಂಟು. ಬಾಣಂತಿಗೆ ಅಂತ ತುಪ್ಪದಲ್ಲಿ ಅರಳಿಸಿ, ಕೊಬ್ಬರಿ ಬೆಲ್ಲ ಸೇರಿಸಿ ಉಂಡೆ ಕಟ್ಟೋದೂ ಅಂಟೇ. ಆಚೆ ಬೀದಿಯ ಮಕ್ಕಳ ಕೆಂಗಣ್ಣು ಈಚೆ ಬೀದಿಗೆ ಬಂದರೆ ಅದು ಅಂಟುಜಾಡ್ಯ. ಲಕೋಟೆಗೆ ಸ್ಟಾಂಪು ಅಂಟಿಸ್ತೀವಿ, ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸ್ತಾರೆ, ಅದೇನೋ ಸರಿ. ಆದರೆ ಸಂಜೆಯಾದರೆ ದೀಪವನ್ನೂ ಅಂಟಿಸ್ತೀವಿ, ಅರಳಿಕಟ್ಟೆ ಮೇಲೆ ಕೂತವರು ಬೀಡಿಯನ್ನೂ ಅಂಟಿಸ್ತಾರೆ. ಸಂಸಾರದ ಅಂಟು ಬಿಟ್ಟವರು ಕಾವಿ ಉಡ್ತಾರೆ. ಸಂಘದ ಲೆಕ್ಕಪತ್ರದ ವಿಷಯ ಬಂದಾಗ ‘ಅವರ ಕೈಗೂ ಸ್ವಲ್ಪ ಅಂಟಿಕೊಂಡಿತಂತೆ’ ಅಂದುಬಿಟ್ಟರೆ ಸಾಕು, ಮುಂದಿನದನ್ನ ಯಾರೂ ಬಿಡಿಸಿ ಕೇಳೋದಿಲ್ಲ. ಇನ್ನು ಜಿಡ್ಡು ಬಿಡಿಸೋಕೆ ಅಂತಲೇ ಇರೋ ನೊರೆಕಾಯಿ, ಅದರ ಹೆಸರು ನೋಡಿ: ಅಂಟುವಾಳ! ಬಿಡಿಸೋ ಕಾಯಿಯ ಹೆಸರಲ್ಲೇ ಅಂಟು ಕೂತಿದೆ. ತಮಾಷೆ ಅಲ್ವಾ?

ಒಂದೇ ಪದ ಹೀಗೆ ಅಡುಗೆಮನೆ, ಆಸ್ಪತ್ರೆ, ದೇವರಮನೆ, ಬಚ್ಚಲುಮನೆ ಎಲ್ಲ ಕಡೆ ದುಡೀತಿದೆ. ಸಂಬಳ ಕೊಡೋ ಹಾಗಿದ್ದರೆ ನಾವು ದಿವಾಳಿ.

ಈ ದೀಪ ಅಂಟಿಸೋ ವಿಷಯಕ್ಕೆ ಒಂದು ಗಳಿಗೆ ನಿಲ್ಲೋಣ. ಮಲೆನಾಡಿನ ಕಡೆ, ತೀರ್ಥಹಳ್ಳಿ ಸಾಗರದ ಸುತ್ತ, ದೀಪಾವಳಿ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಬರ್ತಾರೆ. ದೀಪ ಹಿಡಿದುಕೊಂಡು, ಪದ ಹೇಳಿಕೊಂಡು, ಮನೆಯಿಂದ ಮನೆಗೆ ಹೋಗೋದು. ಆ ದೀಪದಿಂದ ಈ ಮನೆಯ ದೀಪ ಅಂಟಿಸಿಕೊಂಡರೆ ಬೆಳಕು ಮನೆಯೊಳಗೆ ಬಂದ ಹಾಗೆ. ಬೆಂಕಿ ಒಂದರಿಂದ ಇನ್ನೊಂದಕ್ಕೆ ತಗಲುತ್ತೆ, ರೋಗವೂ ಹಾಗೇ ತಗಲುತ್ತೆ, ಎರಡಕ್ಕೂ ಒಂದೇ ಪದ ಬಳಸಿದವರಿಗೆ ಒಳ್ಳೆಯದು ಕೆಟ್ಟದ್ದರ ತಾರತಮ್ಯ ಇರಲಿಲ್ಲ. ಧಾರವಾಡದ ಕಡೆಯವರು ದೀಪ ಹಚ್ಚುತ್ತಾರೆ ಅನ್ನಿ. ಆದರೆ ಅಲ್ಲೂ ಎಣ್ಣೆ ಹಚ್ಚೋದು, ಸುಣ್ಣ ಹಚ್ಚೋದು, ಕೊನೆಗೆ ಫೋನ್ ಹಚ್ಚೋದು ಎಲ್ಲ ಇದೆ. ಮೆತ್ತೋದಕ್ಕೂ ಉರಿಸೋದಕ್ಕೂ ಒಂದೇ ಮಾತು ಅನ್ನೋ ಚಾಳಿ ತುಂಗಭದ್ರೆಯ ಎರಡೂ ದಡದಲ್ಲಿದೆ.

ಈ ಪದದ ಹಿಂದೆ ಬೀಳೋಕೆ ಕಾರಣ ನಮ್ಮ ಮನೆಯ ಹುಡುಗಿಯ ಕಾಲೇಜು ಪುಸ್ತಕ. ಅದರಲ್ಲಿ ‘ಸಹವೇಲೆನ್ಸೀಯ ಬಂಧ’ ಅಂತ ಒಂದು ಅಧ್ಯಾಯ. ಅದರ ಬೆನ್ನಿಗೇ ‘ಸಹವೇಲೆನ್ಸೀಯವಲ್ಲದ ಬಂಧಗಳು’. ಮೊದಲನೆಯದನ್ನೇ ಉಸಿರು ಕಟ್ಟಿ ಹೇಳಬೇಕು, ಎರಡನೆಯದಕ್ಕೆ ನಡುವೆ ಎಲ್ಲಾದರೂ ಕೂತು ನೀರು ಕುಡಿಯಬೇಕು. ಅದಕ್ಕಿಂತ ನನಗೆ ವಿಚಿತ್ರ ಅನ್ನಿಸಿದ್ದು ಆ ‘ಅಲ್ಲದ’. ನೀರು ನೀರಾಗಿರೋದು, ಅನ್ನ ಮುದ್ದೆಯಾಗೋದು, ಹಲ್ಲಿ ಗೋಡೆ ಮೇಲೆ ನಿಲ್ಲೋದು, ನಮ್ಮ ವಂಶದ ಎಳೆ ಜೋಡಿಯಾಗಿರೋದು, ಇಷ್ಟೆಲ್ಲ ಮಾಡೋದಕ್ಕೆ ಸ್ವಂತಕ್ಕೊಂದು ಹೆಸರಿಲ್ಲ. ‘ಅದಲ್ಲದ್ದು’ ಅಂತ ಕರೆದುಬಿಟ್ಟಿದ್ದಾರೆ. ಇಂಗ್ಲಿಷಿನವರೂ ಹಾಗೇ ಕರೆದಿರೋದು, ನಮ್ಮವರು ಅದನ್ನೇ ಇಳಿಸಿಕೊಂಡರು.

‘ಬಂಧ’ವಾದರೂ ಸಾಮಾನ್ಯದ್ದಾ? ಬಂಧ ಅಂದರೆ ಕಟ್ಟು, ಬಂಧು ಅಂದರೆ ನೆಂಟ, ಬಂಧನ ಅಂದರೆ ಪೊಲೀಸರ ಕೆಲಸ. ಮದುವೆ ಕಾಗದದಲ್ಲಿ ‘ಬಂಧುಮಿತ್ರರು’ ಅಂತ ಅಚ್ಚು ಹಾಕಿಸುವಾಗ ಪಕ್ಕದಲ್ಲೇ ಬಂಧನ ಕೂತಿರೋದನ್ನ ಯಾರೂ ನೋಡೋದಿಲ್ಲ, ನೋಡಿದರೂ ಹೇಳೋದಿಲ್ಲ.

ನಮ್ಮಲ್ಲಿ ಒಂದು ಜೋಡಿ ಮಾತಿದೆಯಲ್ಲ, ‘ಅಂಟು ನಂಟು’ ಅಂತ. ನನ್ನ ಕೇಳಿದರೆ ರಸಾಯನಶಾಸ್ತ್ರದ ಆ ಎರಡು ಅಧ್ಯಾಯಕ್ಕೂ ಅದರಲ್ಲೇ ಹೆಸರಿದೆ. ಎರಡು ಪರಮಾಣು ತಮ್ಮ ಎಲೆಕ್ಟ್ರಾನನ್ನ ಒಟ್ಟಿಗೆ ಹಾಕಿ ಜಂಟಿ ಖಾತೆ ತೆರೆದರೆ ಅದು ನಂಟು. ಆಸ್ತಿ ಇಬ್ಬರದೂ, ಬಿಡಿಸೋಕೆ ಕೋರ್ಟು ಕಚೇರಿ ಹತ್ತಬೇಕು. ಆಸ್ತಿ ಯಾರದು ಅವರದ್ದೇ, ಆದರೂ ಇಬ್ಬರೂ ಒಬ್ಬರ ಪಕ್ಕ ಒಬ್ಬರು ಇರ್ತಾರೆ, ಬೇಲಿಯಾಚೆಯಿಂದ ಕರಿಬೇವು ಈಚೆ ಬರುತ್ತೆ, ಈಚೆಯಿಂದ ಹೆಪ್ಪಿಗೆ ಮಜ್ಜಿಗೆ ಆಚೆ ಹೋಗುತ್ತೆ, ಬೇಜಾರಾದರೆ ನಾಳೆ ಕಿಟಕಿ ಹಾಕಿಕೊಳ್ಳಬಹುದು, ಇದು ಅಂಟು. ದಿನ ಬೆಳಗಾದರೆ ನಮ್ಮ ಕೆಲಸ ನಡೆಯೋದು ಇದರಿಂದಲೇ, ನಂಟರು ಬರೋದು ಹಬ್ಬಕ್ಕೆ, ತಿಥಿಗೆ.

ನೀರನ್ನೇ ತಗೊಳ್ಳಿ. ನೀರಿನ ಒಂದು ಅಣುವಿನೊಳಗೆ ಆಕ್ಸಿಜನ್ನಿಗೂ ಹೈಡ್ರೋಜನ್ನಿಗೂ ಇರೋದು ನಂಟು. ಒಂದು ಅಣುವಿನ ಹೈಡ್ರೋಜನ್ನು ಪಕ್ಕದ ಅಣುವಿನ ಆಕ್ಸಿಜನ್ ಕಡೆ ವಾಲಿಕೊಂಡಿರುತ್ತಲ್ಲ, ಅದು ಅಂಟು. ಪುಸ್ತಕದಲ್ಲಿ ಹೈಡ್ರೋಜನ್ ಬಂಧ. ಬಲ ಲೆಕ್ಕ ಹಾಕಿದರೆ ನಂಟಿನ ಸುಮಾರು 20ರಲ್ಲಿ ಒಂದು ಪಾಲು. ಆಯುಸ್ಸು ಕೇಳಿದರೆ ನಗ್ತೀರಿ: ಒಂದು ಸೆಕೆಂಡಿನಲ್ಲಿ ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ. ಅಷ್ಟರಲ್ಲಿ ಇದನ್ನ ಬಿಟ್ಟು ಇನ್ನೊಂದನ್ನ ಹಿಡಿದಿರುತ್ತೆ. ಇಷ್ಟು ಚಂಚಲದ್ದು ಏನು ಮಾಡೀತು ಅಂತ ಅನ್ನಿಸುತ್ತೆ, ಅಲ್ವಾ? ಹೈಡ್ರೋಜನ್ ಸಲ್ಫೈಡ್ ಅಂತ ಕೊಳೆತ ಮೊಟ್ಟೆ ವಾಸನೆಯ ಅನಿಲ ಇದೆ. ಗಂಧಕ ಅಂದರೆ ಆವರ್ತ ಕೋಷ್ಟಕದಲ್ಲಿ ಆಕ್ಸಿಜನ್ನಿನ ಕೆಳಗಿನ ಮನೆಯದ್ದು. ಅಣುವಿನ ತೂಕದಲ್ಲಿ ಅದು ನೀರಿನ ಹತ್ತಿರ ಹತ್ತಿರ ಎರಡರಷ್ಟು. ಆದರೂ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದ್ದು ಆವಿಯಾಗುತ್ತೆ, ಅದರಲ್ಲಿ ಆ ಅಂಟು ಅಷ್ಟಿಲ್ಲ. ನೀರಿಗೂ ಇರದೇ ಹೋಗಿದ್ದರೆ ಕಾವೇರಿ ನೀರಿಗೆ ಜಗಳವಾಡೋ ಪ್ರಸಂಗವೇ ಬರ್ತಿರಲಿಲ್ಲ. ಇರ್ತಿದ್ದದ್ದು ಬರೀ ಹಬೆ, ಜಗಳವಾಡೋಕೆ ನಾವೂ ಇರ್ತಿರಲಿಲ್ಲ.

ಮೊನ್ನೆ ನಿಮ್ಮ ಮನೆಯಿಂದ ಬಂತಲ್ಲ ಕಡಲೆಕಾಯಿ ಚಿಕ್ಕಿ, ಚೆನ್ನಾಗಿತ್ತು. ಪಾಕ ಒಂದು ಚೂರು ಮುಂದೆ ಹೋಗಿತ್ತೋ ಏನೋ, ಹೇಳಿದೆ ಅಂತ ಬೇಜಾರು ಮಾಡ್ಕೋಬೇಡಿ. ಅಂಟುಪಾಕ, ಒಂದೆಳೆ ಪಾಕ, ಎರಡೆಳೆ ಪಾಕ, ಗಟ್ಟಿ ಪಾಕ ಅಂತ ನಮ್ಮ ಹೆಂಗಸರು ಬೆರಳು ತುದಿಯಲ್ಲಿ ಎಳೆ ಎಳೆದು ನೋಡೋದು ಈ ಅಂಟನ್ನೇ. ಸಕ್ಕರೆಯ ಒಂದೊಂದು ಅಣುವಿನ ಮೈಮೇಲೂ ಆಕ್ಸಿಜನ್ ಹೈಡ್ರೋಜನ್ ಸೇರಿದ ಕೊಕ್ಕೆ 8 ಇವೆ. ನೀರು ಜಾಸ್ತಿ ಇರುವಾಗ ಆ ಕೊಕ್ಕೆಗಳೆಲ್ಲ ನೀರನ್ನ ಹಿಡಿದಿರ್ತವೆ. ಒಲೆ ಮೇಲೆ ನೀರು ಆರ್ತಾ ಹೋದ ಹಾಗೆ ಸಕ್ಕರೆ ಸಕ್ಕರೆಯನ್ನೇ ಹಿಡಿದುಕೊಳ್ಳೋಕೆ ಶುರುಮಾಡುತ್ತೆ. ಎಳೆ ಬರೋದು ಆಗಲೇ. ನೀರು ಇನ್ನೂ ಆರಿಸಿ, ತಟ್ಟೆಗೆ ಸುರಿದು ತಣ್ಣಗೆ ಮಾಡಿದರೆ ಅಲ್ಲಾಡದ ಹಾಗೆ ಹಿಡಿದುಕೊಂಡು ಗಾಜಾಗುತ್ತೆ, ಟಪ್ ಅಂತ ಮುರಿಯುತ್ತೆ. ಅದೇ ಚಿಕ್ಕಿಯನ್ನ ಆಷಾಢದ ಗಾಳಿಯಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ಇಟ್ಟು ನೋಡಿ. ಗಾಳಿಯಲ್ಲಿರೋ ತೇವವನ್ನ ಆ ಕೊಕ್ಕೆಗಳು ಮತ್ತೆ ಹಿಡೀತವೆ, ಬೆಳಗ್ಗೆ ನೋಡಿದರೆ ಬೆಲ್ಲವೂ ನೀರೊಡೆದಿರುತ್ತೆ, ಚಿಕ್ಕಿಯೂ ಬೆರಳಿಗೆ ಬರುತ್ತೆ. ಥರ್ಮಾಮೀಟರ್ ಇಟ್ಟುಕೊಂಡು ಪಾಕ ನೋಡೋ ಬೇಕರಿಯವರೂ ಇದ್ದಾರೆ, ಇರಲಿ. ಅಂಟನ್ನ ಅಳೆಯೋಕೆ ಹೆಬ್ಬೆರಳು ತೋರುಬೆರಳಿಗಿಂತ ಒಳ್ಳೆ ಯಂತ್ರ ನಾನಂತೂ ಕಂಡಿಲ್ಲ.

ಈಗ ಒಂದು ಗಾದೆಯ ಮೇಲೆ ತಕರಾರು ತೆಗೀಬೇಕು. ಅತ್ತೆ ಸೊಸೆಗೆ ಆಗಿಬರದಿದ್ದರೆ ‘ಎಣ್ಣೆ ಸೀಗೆಕಾಯಿ ಸಂಬಂಧ’ ಅಂತೀವಲ್ಲ, ಅದು ಸೀಗೆಕಾಯಿಗೆ ಮಾಡೋ ಅನ್ಯಾಯ ಕಣ್ರೀ. ಎಣ್ಣೆಗೆ ಆಗಿಬರದಿರೋದು ನೀರಿನ ಜೊತೆ. ಅದೂ ಎಣ್ಣೆಯ ತಪ್ಪೇನಲ್ಲ. ನೀರಿಗೆ ತನ್ನವರ ಮೇಲೇ ಮೋಹ. ನಡುವೆ ಎಣ್ಣೆ ಬಂದು ಕೂತರೆ ಆ ಹಿಡಿತ ತಪ್ಪುತ್ತೆ ಅಂತ ಅದನ್ನ ಒಂದು ಮೂಲೆಗೆ ಒತ್ತಿಬಿಡುತ್ತೆ. ಮೂಲೆಗೆ ಬಿದ್ದ ಎಣ್ಣೆಯೆಲ್ಲ ಒಂದಾಗಿ ತೇಲುತ್ತೆ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸಾಪೊನಿನ್ ಅಂತ ಒಂದು ವಸ್ತು ಇದೆ. ಅದರ ಅಣುವಿನ ಒಂದು ಕಡೆ ಸಕ್ಕರೆ, ಅದಕ್ಕೆ ನೀರು ಇಷ್ಟ. ಇನ್ನೊಂದು ಕಡೆ ಕೊಬ್ಬಿನ ಜಾತಿಯದು, ಅದಕ್ಕೆ ಎಣ್ಣೆ ಇಷ್ಟ. ಎಣ್ಣೆಯ ಸಣ್ಣ ಸಣ್ಣ ಹನಿಯ ಸುತ್ತ ಇಂಥವು ನೂರಾರು ಮುತ್ತಿಕೊಂಡು, ಒಳಗಿನ ತುದಿಯಲ್ಲಿ ಎಣ್ಣೆಯನ್ನೂ ಹೊರಗಿನ ತುದಿಯಲ್ಲಿ ನೀರನ್ನೂ ಹಿಡಿದು ಬಚ್ಚಲ ಕಡೆಗೆ ಕಳಿಸ್ತವೆ. ಎಣ್ಣೆಯನ್ನ ಇಷ್ಟು ಹಚ್ಚಿಕೊಂಡದ್ದು ಬಚ್ಚಲುಮನೆಯಲ್ಲಿ ಇನ್ನೊಂದಿಲ್ಲ. ಹಚ್ಚಿಕೊಂಡೇ ಅದು ತಲೆಯಿಂದ ಬಿಡಿಸೋದು. ಗಾದೆ ಮಾಡಿದವರು ನೋಡಿದ್ದು ಫಲಿತಾಂಶ ಮಾತ್ರ. ಅತ್ತೆ ಸೊಸೆಗೆ ಆ ಗಾದೆ ಹೊಂದುತ್ತೋ ಇಲ್ಲವೋ ಅನ್ನೋದು ನಿಮ್ಮ ನಿಮ್ಮ ಮನೆಯ ವಿಚಾರ.

ಹಲಸಿನ ಮೇಣಕ್ಕೂ ಇದೇ ನ್ಯಾಯ. ನೀರಿನಲ್ಲಿ ಎಷ್ಟು ತಿಕ್ಕಿದರೂ ಹೋಗೋದಿಲ್ಲ, ಕೊಬ್ಬರಿ ಎಣ್ಣೆ ಸವರಿದರೆ ತೆಪ್ಪಗೆ ಬರುತ್ತೆ. ಜಾತಿ ನೋಡಿ ಸೇರೋ ಗುಣ ಮನುಷ್ಯರದ್ದು ಮಾತ್ರ ಅಂದುಕೊಂಡಿದ್ದೆವು.

ನೀರಿನ ಈ ಸ್ವಜನ ಪ್ರೇಮ ಕಣ್ಣಿಗೆ ಕಾಣಬೇಕು ಅಂದರೆ ಪತ್ರೊಡೆಗೆ ತಂದ ಕೆಸುವಿನ ಎಲೆ ತೊಳೆಯಬೇಕು. ನಲ್ಲಿಯ ಕೆಳಗೆ ಹಿಡಿದರೂ ಎಲೆ ಒದ್ದೆಯಾಗೋದೇ ಇಲ್ಲ! ನೀರು ಗುಂಡಗೆ ಮುತ್ತಾಗಿ ಉರುಳಿ ಹೋಗುತ್ತೆ. ನಮ್ಮಮ್ಮ ಆದರೂ ಬಿಡದೆ ತೊಳೀತಿದ್ದಳು, ಶಾಸ್ತ್ರಕ್ಕೆ. ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳು, ಅದರ ಮೇಲೆ ಮೇಣ. ನೀರಿಗೆ ಊರಿಕೊಳ್ಳೋಕೆ ಜಾಗ ಸಿಗೋದು ಆ ಗುಬುಟುಗಳ ತುದಿಯಲ್ಲಷ್ಟೇ, ಹಾಗಾಗಿ ತನ್ನನ್ನ ತಾನೇ ತಬ್ಬಿಕೊಳ್ಳುತ್ತೆ. ತಾವರೆ ಎಲೆಯದ್ದೂ ಇದೇ ಕಥೆ. ಸಂಸಾರದಲ್ಲಿದ್ದೂ ಅಂಟಿಸಿಕೊಳ್ಳದೆ ಇರೋದು ಹೇಗೆ ಅಂತ ವೇದಾಂತಿಗಳು ಅದನ್ನ ತೋರಿಸ್ತಾನೇ ಬಂದರು. 1997ರಲ್ಲಿ ಜರ್ಮನಿಯ ಬಾರ್ಟ್‌ಲಾಟ್ ಅನ್ನೋ ಸಸ್ಯಶಾಸ್ತ್ರಜ್ಞರು ಆ ಗುಬುಟು, ಮೇಣದ ಲೆಕ್ಕ ಕೊಟ್ಟು ಅದಕ್ಕೆ ತಾವರೆಯ ಹೆಸರನ್ನೇ ಇಟ್ಟರು. ಅಂಟಿಕೊಳ್ಳಬಾರದು ಅಂದರೆ ಮೈ ನುಣ್ಣಗಿರಬೇಕು ಅಂತ ನಾವೆಲ್ಲ ಅಂದುಕೊಂಡಿರ್ತೀವಿ, ಅಲ್ವಾ? ಅಲ್ಲಿ ನೋಡಿದರೆ ಕೆಲಸ ಮಾಡೋದು ತರಿತರಿ.

ಇನ್ನು ನಮ್ಮ ಗೋಡೆಯ ಮೇಲಿನವರು, ಹಲ್ಲಿಗಳು. ಮಾತಿನ ಮಧ್ಯೆ ಲೊಚ್ ಅಂದರೆ ‘ಕೃಷ್ಣ ಕೃಷ್ಣ’ ಅಂತ ನೆಲ ಕುಟ್ಟಿ ಸತ್ಯ ಅಂತೀವಿ. ಪಂಚಾಂಗ ತೆಗೆದರೆ ಹಲ್ಲಿ ಬಿದ್ದ ಫಲ ಅಂತಲೇ ಪಟ್ಟಿ ಇದೆ: ತಲೆ ಮೇಲೆ ಬಿದ್ದರೆ ಏನು, ಎಡ ಭುಜದ ಮೇಲೆ ಬಿದ್ದರೆ ಏನು. ದೋಷ ಕಳೀಬೇಕು ಅಂದರೆ ಕಂಚಿಯಲ್ಲಿ ಚಿನ್ನದ ಹಲ್ಲಿ ಮುಟ್ಟಿ ಬರಬೇಕು. ಬಿದ್ದರೆ ಏನಾಗುತ್ತೆ ಅಂತ ಇಷ್ಟು ವಿವರವಾಗಿ ಯೋಚಿಸಿದ ನಾವು, ಅದು ಯಾಕೆ ಸದಾ ಬೀಳ್ತಾ ಇರೋದಿಲ್ಲ ಅಂತ ಕೇಳಲೇ ಇಲ್ಲ ನೋಡಿ!

ಕೇಳಿದವರು ಕೆಲ್ಲರ್ ಆಟಮ್ ಮತ್ತು ಅವರ ಜೊತೆಯವರು, ಅಮೆರಿಕದಲ್ಲಿ. ಅವರು ಹಿಡಿದದ್ದು ಟೋಕೆ ಅನ್ನೋ ದೊಡ್ಡ ಜಾತಿಯ ಹಲ್ಲಿಯನ್ನ. ಅದರ ಒಂದೊಂದು ಪಾದದಲ್ಲಿ ಹತ್ತಿರ ಹತ್ತಿರ 5 ಲಕ್ಷ ಸಣ್ಣ ರೋಮ, ಒಂದೊಂದು ರೋಮದ ತುದಿಯೂ ನೂರಾರು ಕವಲು. ಗೋಂದು ಒಂದು ತೊಟ್ಟೂ ಇಲ್ಲ, ಜಿಗುಟು ಇಲ್ಲ, ಗಾಳಿ ಹೀರೋ ಬಟ್ಟಲೂ ಇಲ್ಲ. 2000ದಲ್ಲಿ ಅವರು ಒಂದೇ ಒಂದು ರೋಮ ಕಿತ್ತು ಅದರ ಬಲ ಅಳೆದರು. ಎಲ್ಲ ರೋಮವೂ ಒಟ್ಟಿಗೆ ಪೂರ್ತಿ ಹಿಡಿದರೆ 130 ಕೆಜಿ ತೂಗಬಹುದು ಅನ್ನೋ ಲೆಕ್ಕ ಬಂತು. ಬೇಕಾಗಿರೋದು ತನ್ನ ಮೈ ಹೊರೋಕೆ, ಇರೋದು ಇಬ್ಬರು ಮನುಷ್ಯರನ್ನ ನೇತುಹಾಕೋ ಶಕ್ತಿ. ಗೋಡೆಯಲ್ಲಿರೋ ನೀರಿನ ತೇವದಿಂದ ಹಿಡಿಯುತ್ತಾ ಅಂತ ಒಂದು ಅನುಮಾನ ಇತ್ತು. 2002ರಲ್ಲಿ ನೀರು ಒಗ್ಗುವ ಮೇಲ್ಮೈ, ನೀರು ಒಗ್ಗದ ಮೇಲ್ಮೈ ಎರಡರ ಮೇಲೂ ಇಟ್ಟು ನೋಡಿದರು, ಎರಡರಲ್ಲೂ ಒಂದೇ ಹಿಡಿತ. ಉಳಿದದ್ದು ವ್ಯಾನ್ ಡರ್ ವಾಲ್ಸ್ ಬಲ, ಅಂದರೆ ಅಂಟುಗಳಲ್ಲೇ ಅತಿ ಬಡಪಾಯಿ ಅಂಟು. ಎಲೆಕ್ಟ್ರಾನುಗಳು ಒಂದು ಕ್ಷಣ ಆ ಕಡೆ ಈ ಕಡೆ ಜಾಸ್ತಿಕಡಿಮೆ ಆದಾಗ ಪಕ್ಕದ ಅಣುವಿಗೂ ಅದೇ ಆಗಿ, ಎರಡೂ ಒಂದಿಷ್ಟು ಹತ್ತಿರ ಬರ್ತವೆ, ಅಷ್ಟೇ.

ಹಿಡಿಯೋದು ಸರಿ, ಬಿಡೋದು ಹೇಗೆ? ಅದೇ ನನಗೆ ಇಷ್ಟವಾದದ್ದು. ರೋಮ ಗೋಡೆಗೆ 30 ಡಿಗ್ರಿಗಿಂತ ಹೆಚ್ಚು ಕೋನದಲ್ಲಿ ಎದ್ದರೆ ತಾನಾಗೇ ಬಿಟ್ಟುಕೊಳ್ಳುತ್ತೆ. ಹಲ್ಲಿ ಬೆರಳ ತುದಿಯನ್ನ ಹಿಂದಕ್ಕೆ ಸುರುಳಿ ಮಾಡಿ ಎತ್ತುತ್ತೆ, ಮುಂದಕ್ಕೆ ಊರುತ್ತೆ. ಅಷ್ಟು ಬೇಗ ಹಿಡಿಯೋದು, ಅಷ್ಟು ಬೇಗ ಬಿಡೋದು ನಂಟಿನಲ್ಲಿ ಸಾಧ್ಯವಾ, ನೀವೇ ಹೇಳಿ. ಸತ್ತ ಮೇಲೂ ಪಾದದ ಹಿಡಿತ ಹಾಗೇ ಇರುತ್ತಂತೆ, ಆಮೇಲೊಬ್ಬರು ಅದನ್ನೂ ಅಳೆದಿದ್ದಾರೆ. ಇವರಿಗೆಲ್ಲ ಎಷ್ಟು ಪುರುಸೊತ್ತು!

ಆ ವ್ಯಾನ್ ಡರ್ ವಾಲ್ಸ್ ಕಥೆಯೂ ಚೆನ್ನಾಗಿದೆ. ಹಾಲೆಂಡಿನ ಲೈಡನ್ ಊರಿನ ಬಡಗಿಯ ಮಗ, 1837ರಲ್ಲಿ ಹುಟ್ಟಿದವರು, ಹತ್ತು ಮಕ್ಕಳಲ್ಲಿ ಹಿರಿಯ. ಸ್ಕೂಲು ಮೇಷ್ಟ್ರಾದರು. ವಿಶ್ವವಿದ್ಯಾಲಯದ ಪರೀಕ್ಷೆ ಕಟ್ಟೋಣ ಅಂದರೆ ಲ್ಯಾಟಿನ್, ಗ್ರೀಕ್ ಬರಬೇಕು ಅನ್ನೋ ನಿಯಮ ಅಡ್ಡ ಬಂತು. ಆಮೇಲೆ ನಿಯಮ ಸಡಿಲವಾಗಿ 1873ರಲ್ಲಿ ಪ್ರಬಂಧ ಒಪ್ಪಿಸಿದರು. ಅನಿಲದ ಅಣುಗಳಿಗೂ ಗಾತ್ರ ಇದೆ, ಅವು ಒಂದನ್ನೊಂದು ಸೆಳೀತವೆ ಅಂತ ಲೆಕ್ಕ ಹಾಕಿ ತೋರಿಸಿದ್ದು ಅದರಲ್ಲಿ. ಬರೆದದ್ದು ಡಚ್ ಭಾಷೆಯಲ್ಲಿ. ಅದನ್ನ ಓದೋಕೆ ಅಂತಲೇ ಜನ ಡಚ್ ಕಲಿಯೋ ಹಾಗಾಗಿದೆ ಅಂತ ಮ್ಯಾಕ್ಸ್‌ವೆಲ್ ಅಂಥವರೇ ಹೇಳಿದರು. 1910ರಲ್ಲಿ ನೊಬೆಲ್ ಬಂತು. ಭಾಷೆ ಬರೋದಿಲ್ಲ ಅಂತ ಬಾಗಿಲಲ್ಲಿ ನಿಲ್ಲಿಸಿದ್ದವನ ಭಾಷೆಯನ್ನ ಊರೆಲ್ಲ ಕಲಿಯಬೇಕಾಯ್ತು, ನೋಡಿ ಹೇಗಿದೆ! ಕನ್ನಡದಲ್ಲಿ ವಿಜ್ಞಾನ ಬರೆದರೆ ಯಾರು ಓದ್ತಾರೆ ಅಂತ ಕೇಳೋರಿಗೆ ಇದನ್ನೊಂದು ಸಲ ಹೇಳಬೇಕು.

ಆ ಗ್ರೀಕ್ ಲ್ಯಾಟಿನ್‌ಗಳಲ್ಲಾದರೂ ಏನಿತ್ತು ಅಂತೀರಿ? ಅಂಟೇ ಇತ್ತು. ಚಪಾತಿ ಹಿಟ್ಟಿನ ಜಿಗುಟಿಗೆ ಗ್ಲುಟೆನ್ ಅಂತೀವಲ್ಲ, ಲ್ಯಾಟಿನ್ನಿನಲ್ಲಿ ಅದಕ್ಕೆ ಅಂಟು ಅಂತಲೇ ಅರ್ಥ. ನಮ್ಮ ಚರ್ಮ, ಮೂಳೆಯಲ್ಲಿರೋ ಕೊಲ್ಯಾಜೆನ್ ಬಂದದ್ದು ಗ್ರೀಕಿನ ‘ಕೊಲ್ಲ’ದಿಂದ, ಅದೂ ಅಂಟೇ. ಚರ್ಮ ಮೂಳೆ ಕುದಿಸಿ ಬಡಗಿಗಳು ಅಂಟು ಮಾಡ್ತಿದ್ದ ಕಾಲದ ಮಾತು ಅದು. ಮಿಲಿಟರಿ ಹೋಟೆಲಿನಿಂದ ತಂದ ಕಾಲು ಸೂಪು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಗಟ್ಟಿಯಾಗಿ ನಡುಗುತ್ತಲ್ಲ, ಅದೇ ಕೊಲ್ಯಾಜೆನ್ನಿನ ಕೆಲಸ. ಮೂರು ಎಳೆ ಹೊಸೆದುಕೊಂಡು ಹೈಡ್ರೋಜನ್ ಬಂಧದಲ್ಲಿ ನಿಂತಿರೋದು ಅದರ ರೂಪ. ಕುದಿಸಿದರೆ ಎಳೆ ಬಿಚ್ಚುತ್ತೆ, ತಣ್ಣಗಾದರೆ ಅಲ್ಲಲ್ಲಿ ಮತ್ತೆ ಹೊಸೆದುಕೊಳ್ಳುತ್ತೆ, ನಡುವೆ ನೀರು ಸಿಕ್ಕಿಕೊಳ್ಳುತ್ತೆ. ಆ ಮೂರೆಳೆಯ ರೂಪವನ್ನ 1950ರ ದಶಕದಲ್ಲಿ ಮದ್ರಾಸಿನಲ್ಲಿ ಕೂತು ಕಂಡುಹಿಡಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತ. ರಾಮಚಂದ್ರನ್ ಆಮೇಲೆ ಬೆಂಗಳೂರಿಗೆ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವಿಭಾಗವನ್ನೇ ಕಟ್ಟಿದರು. ಸೂಪು ಕುಡಿಯೋರು ನೆನೆಸಿಕೊಳ್ಳಲಿ, ಕುಡಿಯದವರೂ ನೆನೆಸಿಕೊಳ್ಳಬಹುದು.

ನಮ್ಮ ಬೀದಿ ತುದಿಯ ಇಸ್ತ್ರಿಯವರು ಕಾಟನ್ ಷರಟಿಗೆ ನೀರು ಚಿಮುಕಿಸೋದು ನೋಡಿದ್ದೀರಲ್ಲ. ಹತ್ತಿಯ ನಾರಿನ ನಡುವೆ ಇರೋದೂ ಹೈಡ್ರೋಜನ್ ಬಂಧವೇ. ಒಗೆದು ಹಿಂಡಿದಾಗ ಅವು ಎಲ್ಲಿ ಸಿಕ್ಕಿತೋ ಅಲ್ಲಿ ಹಿಡಿದುಕೊಂಡು ಸುಕ್ಕು ಮಾಡಿಕೊಂಡಿರ್ತವೆ. ನೀರು ಬಿದ್ದರೆ ಹಿಡಿತ ಸಡಿಲ, ಮೇಲೆ ಬಿಸಿ ಪೆಟ್ಟಿಗೆ ಎಳೆದರೆ ನೀರು ಆರಿ, ನೆಟ್ಟಗಿರೋ ಜಾಗದಲ್ಲೇ ಮತ್ತೆ ಹಿಡಿತ. ಇದ್ದಿಲಿನ ಪೆಟ್ಟಿಗೆಯವರಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಂಗಸರು ತಲೆ ಸ್ನಾನ ಮಾಡಿ ಜಡೆ ಹೆಣೆದು ಒಣಗಿಸಿದರೆ ಬಿಚ್ಚಿದ ಮೇಲೂ ಕೂದಲು ಅಲೆಅಲೆಯಾಗಿರೋದು, ಮಳೆಯಲ್ಲಿ ನೆಂದರೆ ಅದು ಹೋಗೋದು, ಇದೇ ಲೆಕ್ಕ. ಪಾರ್ಲರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಶಾಶ್ವತವಾಗಿ ಗುಂಗುರು ಮಾಡಿಸ್ತಾರಲ್ಲ, ಅವರು ಗಂಧಕದ ನಂಟನ್ನೇ ಮುರಿದು ಹೊಸದಾಗಿ ಕಟ್ಟೋದು. ದುಡ್ಡು ಜಾಸ್ತಿ ಯಾಕೆ ಅಂತ ಈಗ ಗೊತ್ತಾಯ್ತಾ? ಕಾಗದವೂ ಅಷ್ಟೇ. ನಾರು ನಾರನ್ನ ಹೈಡ್ರೋಜನ್ ಬಂಧದಲ್ಲಿ ಹಿಡಿದಿರೋದು, ಒದ್ದೆಯಾದರೆ ಹಿಸುಕಿದಲ್ಲಿ ಹರಿಯುತ್ತೆ. ಬಾಡಿಗೆ ಕರಾರು ಬರೆಯೋ ಬಾಂಡ್ ಪೇಪರ್ ಇದೆಯಲ್ಲ, ಅದರ ಮೇಲೆ ಇರೋ ಬಾಂಡ್ ಹನ್ನೊಂದು ತಿಂಗಳದ್ದು, ಒಳಗಿರೋದು ಒಂದು ಲೋಟ ನೀರು ಚೆಲ್ಲೋವರೆಗಿನದು.

ಬಟ್ಟೆ ಅಂದಮೇಲೆ ನಮ್ಮ ಅಜ್ಜಿಯ ಮಡಿ ನೆನಪಾಗದೆ ಇರುತ್ತಾ. ಆಕೆಗೆ ಅಂಟು ಅಂದರೆ ಮೈಲಿಗೆ. ಹತ್ತಿ ಸೀರೆಗೆ ನೋಡಿದರೇ ಅಂಟಿಬಿಡುತ್ತೆ, ರೇಷ್ಮೆಗೆ ಅಷ್ಟು ಬೇಗ ಅಂಟೋದಿಲ್ಲ, ಧಾಬಳಿಗಂತೂ ಅಂಟೋದೇ ಇಲ್ಲ. ಹೀಗೆ ಒಂದು ವರಸೆ. ಜವಳಿ ಓದಿದವರ ಲೆಕ್ಕ ನೋಡಿದರೆ ಗಾಳಿಯ ತೇವ ಹಿಡಿಯೋದರಲ್ಲಿ ಉಣ್ಣೆ ಮೊದಲು, ಆಮೇಲೆ ರೇಷ್ಮೆ, ಕೊನೆಗೆ ಹತ್ತಿ. ಸರಿಯಾಗಿ ತಿರುವುಮುರುವು! ಅಜ್ಜಿಗೆ ಹೇಳಿದ್ದರೆ ‘ನೀರು ಅಂಟೋದು ಬೇರೆ, ಮೈಲಿಗೆ ಅಂಟೋದು ಬೇರೆ’ ಅಂತ ಬಾಯಿ ಮುಚ್ಚಿಸಿರೋಳು. ತಮಾಷೆ ಏನೇ ಇರಲಿ, ಈ ಒಂದು ಅರ್ಥದಲ್ಲಿ ಈ ಪದ ಬಹಳ ಜನರನ್ನ ಬಾಗಿಲಾಚೆ ನಿಲ್ಲಿಸಿದೆ, ಬಾವಿಯಿಂದ ದೂರ ಇಟ್ಟಿದೆ. ಉಳಿದ ಅರ್ಥಗಳೆಲ್ಲ ಬಾಳಲಿ, ಇದೊಂದು ನಿಘಂಟಿನಲ್ಲಿ ಮಾತ್ರ ಉಳಿದರೆ ಸಾಕು.

ಅಂಟುರೋಗದ ವಿಷಯ ಕೊರೊನಾ ಕಾಲದಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ, ಹೆಚ್ಚು ಎಳೆಯೋದಿಲ್ಲ. ಆ ವೈರಾಣು ನಮ್ಮ ಜೀವಕೋಶವನ್ನ ಮೊದಲು ಹಿಡಿಯೋದೂ ಇಂಥ ಸಡಿಲ ಅಂಟುಗಳಿಂದ, ಅದರ ಮೇಲಿನ ಕೊಬ್ಬಿನ ಹೊದಿಕೆ ನಿಂತಿರೋದೂ ಅವುಗಳಿಂದಲೇ. ಅದಕ್ಕೇ ಸೋಪು ಹಾಕಿ 20 ಸೆಕೆಂಡು ಉಜ್ಜಿ ಅಂದದ್ದು. ಸೋಪಿನ ಕೊಬ್ಬಿನ ತುದಿ ಆ ಹೊದಿಕೆಯೊಳಗೆ ತೂರಿಕೊಂಡು ಬಿಚ್ಚಿಹಾಕುತ್ತೆ.

ಇನ್ನೊಂದು ಹೇಳಿ ಮುಗಿಸ್ತೀನಿ, ನಿಮ್ಮ ಕುಕ್ಕರ್ ಕೂಗ್ತಿದೆ. ಹೈಡ್ರೋಜನ್ ಬಂಧ ಅನ್ನೋದನ್ನ ನೀರಿನ ವಿಷಯದಲ್ಲಿ ಲ್ಯಾಟಿಮರ್, ರೋಡ್‌ಬುಷ್ ಅನ್ನೋ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಬರೆದದ್ದು 1920ರಲ್ಲಿ. ಆಮೇಲೆ ಎಲ್ಲರೂ ಬಳಸಿದ್ದೇ ಬಳಸಿದ್ದು. ವಂಶದ ಎಳೆ ಜೋಡಿಯಾಗಿರೋದು ಇದರಿಂದ ಅಂತ 1953ರಲ್ಲಿ ವಾಟ್ಸನ್, ಕ್ರಿಕ್ ತೋರಿಸಿದರು. ಅದೂ ನಂಟಾಗಿದ್ದರೆ ಬಿಚ್ಚಿ ನಕಲು ತೆಗೆಯೋದೇ ಕಷ್ಟವಾಗ್ತಿತ್ತು. ಆದರೆ ಹೈಡ್ರೋಜನ್ ಬಂಧ ಅಂದರೆ ಕರಾರುವಾಕ್ಕಾಗಿ ಏನು, ಯಾವುದನ್ನ ಅನ್ನಬಹುದು, ಯಾವುದನ್ನ ಅನ್ನಬಾರದು ಅಂತ ಜಗಳ ನಿಂತಿರಲೇ ಇಲ್ಲ. ಕೊನೆಗೆ ರಸಾಯನಶಾಸ್ತ್ರದವರ ಅಂತರರಾಷ್ಟ್ರೀಯ ಒಕ್ಕೂಟ ಒಂದು ಸಮಿತಿ ಮಾಡಿ, 2011ರಲ್ಲಿ ಹೊಸ ವ್ಯಾಖ್ಯೆ ಕೊಟ್ಟಿತು. ಬರೆದವರು 14 ಜನ. ಮುಂದೆ ನಿಂತು ಮಾಡಿಸಿದವರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಇ. ಅರುಣನ್, ಜೊತೆಗೆ ಅಲ್ಲಿಯವರೇ ಆದ ಗೌತಮ್ ದೇಸಿರಾಜು. ಯಶವಂತಪುರದ ಬಸ್ಸು ಆ ಗೇಟಿನ ಮುಂದೆ ನಿಂತಾಗ ಇಳಿಯೋರು ಇಳೀತಾರೆ, ಹತ್ತೋರು ಹತ್ತುತ್ತಾರೆ. ಪ್ರಪಂಚದ ನೀರಿನ ಅಂಟಿಗೆ ಅರ್ಥ ಬರೆದ ಜಾಗ ಇದು ಅಂತ ಕಂಡಕ್ಟರ್ ಕೂಗೋದಿಲ್ಲ. ಚಿಲ್ಲರೆ ಕೊಡಿ ಅಂತಾನೆ.

ವ್ಯಾಖ್ಯೆಯನ್ನೇ ಬೆಂಗಳೂರಲ್ಲಿ ಕೂತು ತಿದ್ದಿದ ಮೇಲೆ ಒಂದು ಕನ್ನಡ ಹೆಸರು ಇಡೋದೇನು ದೊಡ್ಡದಲ್ಲ. ಪಠ್ಯಪುಸ್ತಕ ಬರೆಯೋ ಮೇಷ್ಟ್ರುಗಳೇ, ಮುಂದಿನ ಮುದ್ರಣದಲ್ಲಿ ಆ ‘ಸಹವೇಲೆನ್ಸೀಯವಲ್ಲದ’ ತೆಗೆದು ‘ಅಂಟುಬಂಧ’ ಅಂತ ಹಾಕಿಬಿಡಿ. ಮಕ್ಕಳ ಉಸಿರೂ ಉಳಿಯುತ್ತೆ, ಅಚ್ಚಿನ ಮೊಳೆಯೂ ಉಳಿಯುತ್ತೆ. ಮತ್ತೆ ನಿಮ್ಮ ಕಡೆ, ನಿಮ್ಮ ತವರಿನ ಕಡೆ, ಅಂಟು ಅಂದರೆ ನಾನು ಹೇಳದ ಬೇರೆ ಅರ್ಥ ಏನಾದರೂ ಇದ್ದರೆ ಹೇಳಿ, ಬರೆದಿಟ್ಟುಕೊಳ್ತೀನಿ.